81 ಮಿಲಿಗ್ರಾಂ ಗುಳಿಗೆ, ಆರು ದೇಶ, ಒಂದು ಕುಬಸ

ಬೆಳಗಾವಿಯ ಖಡೇಬಜಾರದಲ್ಲಿ ಯಾವುದಾದರೂ ಮೆಡಿಕಲ್ ಶಾಪ್‌ಗೆ ಹೋಗಿ "81 ಮಿಲಿಗ್ರಾಂ ಆಸ್ಪಿರಿನ್ ಕೊಡ್ರಿ" ಅಂತ ಕೇಳಿ ನೋಡಿ. "75 ಐತಿ, 150 ಐತಿ. 81 ಎಲ್ಲಿಂದ ತಂದ್ರಿ?" ಅಂತ ನಿಮ್ಮನ್ನೇ ಕೇಳುತ್ತಾರೆ. ಅವರ ತಪ್ಪೇನಿಲ್ಲ. 81 ಅನ್ನೋದು ಅಮೆರಿಕದ ಲೆಕ್ಕ. ಹಿಂದೆ ಔಷಧಿಯನ್ನು ಗ್ರೇನ್‌ನಲ್ಲಿ ತೂಗುತ್ತಿದ್ದರು. ಐದು ಗ್ರೇನ್ ಆಸ್ಪಿರಿನ್ ಅಂದರೆ 325 ಮಿಲಿಗ್ರಾಂ, ಅದರ ಕಾಲು ಭಾಗ 81. ನಮ್ಮಲ್ಲಿ 75, ಯುರೋಪಿನ ಹಲವು ಕಡೆ 100. ಹಾರ್ಟ್ ಡಾಕ್ಟರ್ ಬರೆದುಕೊಡೋ ಅದೇ ಸಣ್ಣ ಗುಳಿಗೆ, ಗಡಿ ದಾಟಿದರೆ ತೂಕ ಬೇರೆ.

ಈ 81 ಮಿಲಿಗ್ರಾಂ ಗುಳಿಗೆ ನಮ್ಮ ಬೆಳಗಾವಿ ಕಡೆಯ ಚೊಚ್ಚಲ ಬಸುರಿಯರಿಗೂ ಬಂದಿತ್ತು. ಅವಧಿಗೆ ಮುಂಚೆ ಆಗೋ ಹೆರಿಗೆಯನ್ನು ಕಡಿಮೆ ಡೋಸಿನ ಆಸ್ಪಿರಿನ್ ತಡೆಯುತ್ತದಾ ಅಂತ ನೋಡೋ ದೊಡ್ಡ ಟ್ರಯಲ್ ಅದು. ಭಾರತ, ಪಾಕಿಸ್ತಾನ, ಕೀನ್ಯಾ, ಜಾಂಬಿಯಾ, ಕಾಂಗೊ, ಗ್ವಾಟೆಮಾಲಾ, ಹೀಗೆ ಆರು ದೇಶ. ಭಾರತದಲ್ಲಿ ಎರಡು ಜಾಗ, ಬೆಳಗಾವಿ ಮತ್ತು ನಾಗಪುರ. ಒಟ್ಟು 11,976 ಹೆಣ್ಣುಮಕ್ಕಳು. ಅರ್ಧ ಜನರಿಗೆ ಆಸ್ಪಿರಿನ್, ಅರ್ಧ ಜನರಿಗೆ ನೋಡೋಕೆ ಹಾಗೇ ಇರೋ ಔಷಧಿಯಿಲ್ಲದ ಗುಳಿಗೆ. 2020ರ ಜನವರಿಯಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅವಧಿಪೂರ್ವ ಹೆರಿಗೆ ನೂರಕ್ಕೆ 13.1 ಇದ್ದದ್ದು 11.6ಕ್ಕೆ ಇಳಿದಿತ್ತು. ಕೇಳೋಕೆ ಸಣ್ಣ ಸಂಖ್ಯೆ. ಆದರೆ ಗುಳಿಗೆಯ ಬೆಲೆ ನೋಡಿ, ಇಂಥ ದೇಶಗಳಲ್ಲಿ ವರ್ಷಕ್ಕೆ ಆಗೋ ಹೆರಿಗೆಗಳ ಲೆಕ್ಕ ನೋಡಿ, ಆಮೇಲೆ ಸಣ್ಣದಾ ಅಂತ ಹೇಳಿ.

ಇಂಥ ಟ್ರಯಲ್ ಮಾಡೋಕೆ ಯಾವ ಔಷಧಿ ಕಂಪನಿಯೂ ಮುಂದೆ ಬರೋದಿಲ್ಲ. ಆಸ್ಪಿರಿನ್‌ನಲ್ಲಿ ಈಗ ಲಾಭ ಎಲ್ಲಿದೆ? ಹಾಗಾಗಿ ದುಡ್ಡು ಸರ್ಕಾರದ್ದು, ಇಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯದ್ದು. ಕೆಲಸ ಮೆಡಿಕಲ್ ಕಾಲೇಜುಗಳದ್ದು. ನಮ್ಮಲ್ಲಿ ಕೆಎಲ್‌ಇಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು, ಅಂದರೆ ಎಲ್ಲರ ಬಾಯಲ್ಲಿರೋ ಜೆಎನ್‌ಎಂಸಿ, ಆ ಸಂಸ್ಥೆ ಹಲವು ದೇಶಗಳ ಕಾಲೇಜುಗಳನ್ನು ಸೇರಿಸಿ ಕಟ್ಟಿದ ಸಂಶೋಧನಾ ಜಾಲದಲ್ಲಿ 20 ವರ್ಷಕ್ಕೂ ಜಾಸ್ತಿ ಕಾಲ ಕೆಲಸ ಮಾಡಿದೆ. ಇವನ್ನೇ ಅಕಾಡೆಮಿಕ್ ಟ್ರಯಲ್ ಅನ್ನೋದು.

ಈಗ ಇವುಗಳ ನಿಯಮ, ಪದ್ಧತಿ ಎಲ್ಲಾ ದೇಶಗಳಲ್ಲೂ ಒಂದಕ್ಕೊಂದು ಹೊಂದಬೇಕು ಅನ್ನೋ ಮಾತು ಜೋರಾಗಿದೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇದರ ಬಗ್ಗೆ ನಿರ್ಣಯ ಮಾಡಿತು, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿಯನ್ನೂ ತಂದಿತು. ಒಳ್ಳೆಯದೇ. ನನ್ನ ತಕರಾರು ಇಷ್ಟೇ. ಹೆಚ್ಚಾಗಿ ಹೊಂದಿಸುತ್ತಿರೋದು ಕಾಗದವನ್ನು. ಹೊಂದಿಸಬೇಕಾದ್ದು ಎರಡು ಸಂಗತಿ: ಅಳತೆ, ಮತ್ತು ಟ್ರಯಲ್‌ಗೆ ಬಂದವರಿಗೆ ಹೆಚ್ಚುಕಡಿಮೆ ಆದರೆ ಸಿಗೋ ರಕ್ಷಣೆ. ಉಳಿದದ್ದನ್ನು ಆಯಾ ಊರಿಗೆ ಬಿಟ್ಟರೆ ಏನೂ ಕೆಡೋದಿಲ್ಲ.

ಮೊದಲು ಕಾಗದದ ಕಥೆಯನ್ನೇ ನೋಡೋಣ.

ನಮ್ಮ ದೇಶದಲ್ಲಿ 2019ರ ಮಾರ್ಚ್‌ನಲ್ಲಿ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದವು. ಅಕಾಡೆಮಿಕ್ ಟ್ರಯಲ್ ಅಂದರೆ ಏನು ಅಂತ ಅದರಲ್ಲಿ ಬರೆದಿದೆ. ಈಗಾಗಲೇ ಪರವಾನಗಿ ಇರೋ ಔಷಧಿಯನ್ನು ಬೇರೆ ಕಾಯಿಲೆಗೆ, ಬೇರೆ ಡೋಸಿನಲ್ಲಿ, ಬೇರೆ ರೀತಿಯಲ್ಲಿ ಕೊಟ್ಟು ನೋಡೋದು. ಶುರು ಮಾಡೋರು ಡಾಕ್ಟರ್ ಅಥವಾ ಕಾಲೇಜು. ಫಲಿತಾಂಶ ಹಿಡಿದುಕೊಂಡು ಯಾವ ದೇಶದಲ್ಲೂ ಮಾರಾಟದ ಪರವಾನಗಿ ಕೇಳೋ ಹಾಗಿಲ್ಲ. ಹೀಗಿದ್ದರೆ ದಿಲ್ಲಿಯ ಡ್ರಗ್ಸ್ ಕಂಟ್ರೋಲರ್ ಒಪ್ಪಿಗೆ ಬೇಕಿಲ್ಲ, ಎಥಿಕ್ಸ್ ಕಮಿಟಿ, ಅಂದರೆ ಟ್ರಯಲ್‌ಗೆ ಬರೋರಿಗೆ ಅನ್ಯಾಯ, ಅಪಾಯ ಆಗದ ಹಾಗೆ ನೋಡೋ ಸಮಿತಿ, ಒಪ್ಪಿದರೆ ಸಾಕು. ಇದು ನಿಜವಾಗಿ ಅಕಾಡೆಮಿಕ್ಕಾ ಅಂತ ಕಮಿಟಿಗೇ ಅನುಮಾನ ಬಂದರೆ ದಿಲ್ಲಿಗೆ ಬರೆಯುತ್ತದೆ. ಅಲ್ಲಿಂದ 30 ಕೆಲಸದ ದಿನದಲ್ಲಿ ಉತ್ತರ ಬರಲಿಲ್ಲ ಅಂದರೆ ಒಪ್ಪಿಗೆ ಬೇಡ ಅಂತಲೇ ಅರ್ಥ.

ಅಮೆರಿಕದಲ್ಲಿ ಕೇಳೋ ಪ್ರಶ್ನೆಯೇ ಬೇರೆ. ಮಾರುಕಟ್ಟೆಯಲ್ಲಿರೋ ಔಷಧಿಯನ್ನು ನೀವು ಹೊಸದಾಗಿ ಬಳಸೋದರಿಂದ ರೋಗಿಗೆ ಅಪಾಯ ಗಮನಾರ್ಹವಾಗಿ ಹೆಚ್ಚುತ್ತದಾ? ಲೇಬಲ್ ಬದಲಿಸೋ, ಜಾಹೀರಾತು ಕೊಡೋ ಉದ್ದೇಶ ಇದೆಯಾ? ಎರಡೂ ಇಲ್ಲ ಅಂದರೆ ಸಾಮಾನ್ಯವಾಗಿ ವಿನಾಯಿತಿ. ಯುರೋಪಿನ ಕಾನೂನಿನಲ್ಲಿ ಪ್ರೊಫೆಸರ್‌ಗೆ ಬೇರೆ ಬಾಗಿಲೇ ಇಲ್ಲ. ಕಂಪನಿ ಆಗಲಿ, ಕಾಲೇಜಾಗಲಿ ಒಂದೇ ಸಾಲಿನಲ್ಲಿ ನಿಲ್ಲಬೇಕು. ಆದರೆ ಪರವಾನಗಿ ಇರೋ ಔಷಧಿ, ಕಡಿಮೆ ಅಪಾಯದ ಟ್ರಯಲ್ ಆದರೆ ನಿಯಮ ಸ್ವಲ್ಪ ಹಗುರ.

ಅಂದರೆ ನಾವು "ಯಾರು ಮಾಡ್ತಿದ್ದಾರೆ, ಯಾಕೆ ಮಾಡ್ತಿದ್ದಾರೆ" ಅಂತ ಕೇಳುತ್ತೇವೆ, ಅವರು "ಅಪಾಯ ಎಷ್ಟು" ಅಂತ ಕೇಳುತ್ತಾರೆ. ನನಗಂತೂ ಅವರ ಪ್ರಶ್ನೆಯೇ ಸರಿ ಅನಿಸುತ್ತದೆ. ಉದ್ದೇಶ ಎಷ್ಟೇ ಪವಿತ್ರವಾಗಿರಲಿ, ಗುಳಿಗೆ ನುಂಗೋರಿಗೆ ಆಗೋ ತೊಂದರೆ ಅದನ್ನು ನೋಡಿ ಕಡಿಮೆಯಾಗೋದಿಲ್ಲ, ಅಲ್ವಾ? ಮಾರಾಟಕ್ಕೆ ಬಳಸಬಾರದು ಅನ್ನೋ ಷರತ್ತಿನಿಂದ ಇನ್ನೊಂದು ತೊಡಕೂ ಇದೆ. ಕಾಲೇಜೊಂದು ಕಷ್ಟಪಟ್ಟು ಟ್ರಯಲ್ ಮಾಡಿ ಹಳೇ ಔಷಧಿಗೆ ಹೊಸ ಉಪಯೋಗ ಕಂಡುಹಿಡಿದರೆ, ಅದನ್ನು ಔಷಧಿಯ ಲೇಬಲ್‌ಗೆ ಸೇರಿಸೋಕೆ ಆ ಕಾಗದ ಹಿಡಿದು ಹೋಗೋ ಹಾಗಿಲ್ಲ.

ಯುರೋಪೂ ಒಂದೇ ದಿನದಲ್ಲಿ ಇಲ್ಲಿಗೆ ಬಂದಿಲ್ಲ. 2001ರಲ್ಲಿ ಅವರು ಎಲ್ಲಾ ದೇಶಗಳಿಗೂ ಒಂದು ನಿರ್ದೇಶನ ತಂದರು, 2004ರಿಂದ ಜಾರಿಯಾಯಿತು. ಒಂದೊಂದು ದೇಶ ಅದನ್ನು ಒಂದೊಂದು ರೀತಿ ಓದಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಹಾಗೆ. ಕಂಪನಿಗಳ ಹತ್ತಿರ ಕಾಗದ ತುಂಬೋಕೆಂದೇ ಜನ ಇದ್ದರು. ಪೆಟ್ಟು ಬಿದ್ದದ್ದು ಬೆಳಿಗ್ಗೆ ಓಪಿಡಿ ನೋಡಿ ಸಂಜೆ ಟ್ರಯಲ್ ನಡೆಸೋ ಡಾಕ್ಟರ್‌ಗಳಿಗೆ. ಹತ್ತು ವರ್ಷ ಕೂಗಾಡಿದ ಮೇಲೆ 2014ರಲ್ಲಿ ಹೊಸ ಕಾನೂನು ಬಂತು, ಅದು ಜಾರಿಯಾಗೋಕೆ 2022ರ ಜನವರಿ 31 ಬರಬೇಕಾಯಿತು. ಈಗ ಒಂದೇ ಪೋರ್ಟಲ್, ಒಂದೇ ಅರ್ಜಿ. ಅಮೆರಿಕದಲ್ಲೂ ಸರ್ಕಾರದ ದುಡ್ಡಿನಲ್ಲಿ ಹಲವು ಆಸ್ಪತ್ರೆ ಸೇರಿ ಮಾಡೋ ಸಂಶೋಧನೆಗೆ 2020ರ ಜನವರಿಯಿಂದ ದೇಶದೊಳಗೆ ಒಂದೇ ಎಥಿಕ್ಸ್ ಕಮಿಟಿ ಅಂತಾಗಿದೆ. ಆಫ್ರಿಕಾದ ದೇಶಗಳು 2006ರಿಂದಲೇ ಒಂದು ವೇದಿಕೆ ಕಟ್ಟಿಕೊಂಡು ಲಸಿಕೆ ಟ್ರಯಲ್‌ಗಳನ್ನು ಒಟ್ಟಿಗೆ ಕೂತು ಪರಿಶೀಲಿಸುತ್ತಿವೆ.

ನಮ್ಮಲ್ಲಿ? ಆರು ದೇಶದ ಮಾತು ಆಮೇಲೆ, ಮೂರು ಜಿಲ್ಲೆಯದ್ದು ನೋಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮೂರು ಮೆಡಿಕಲ್ ಕಾಲೇಜು ಸೇರಿ ಒಂದು ಟ್ರಯಲ್ ಮಾಡ್ತಾವೆ ಅಂತಿಟ್ಟುಕೊಳ್ಳಿ. ಪ್ರೊಟೊಕಾಲ್, ಅಂದರೆ ಟ್ರಯಲ್ ಹೇಗೆ ನಡೆಸಬೇಕು ಅನ್ನೋ ಬರಹ, ಒಂದೇ, ಔಷಧಿ ಒಂದೇ, ಜೋಳದ ರೊಟ್ಟಿ ತಿನ್ನೋ ಜನವೂ ಒಂದೇ. ಆದರೆ ಕಮಿಟಿ ಮೂರು. 2019ರ ನಿಯಮದಲ್ಲಿ ಬೇರೆ ಜಾಗದ ಕಮಿಟಿಯಿಂದ ಒಪ್ಪಿಗೆ ಪಡೆಯೋ ಅವಕಾಶ ಇದೆ, ಆದರೆ ಅದು ಅದೇ ಊರಿನಲ್ಲಿ ಅಥವಾ 50 ಕಿಲೋಮೀಟರ್ ಒಳಗೆ ಇರಬೇಕು. ಬಾಗಲಕೋಟೆಯಿಂದ ವಿಜಯಪುರಕ್ಕೇ 50 ದಾಟುತ್ತದೆ, ಬೆಳಗಾವಿ ಅಂತೂ ಬಿಡಿ. ಒಂದು ಕಮಿಟಿ "ಪುಟ 4ರಲ್ಲಿ ಈ ಪದ ತೆಗೆಯಿರಿ" ಅನ್ನುತ್ತದೆ, ಇನ್ನೊಂದು "ಆ ಪದ ಇರಲೇಬೇಕು" ಅನ್ನುತ್ತದೆ. ಮೂರನೆಯದು ಎರಡು ತಿಂಗಳು ಸಭೆಯನ್ನೇ ಕರೆಯೋದಿಲ್ಲ. ವಿದೇಶದ ದುಡ್ಡು ಬಂದರೆ ಇದರ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸೋ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ, ಮತ್ತೆ ಆ ದೇಶದ ಯೂನಿವರ್ಸಿಟಿಯ ಕಮಿಟಿ.

ಇಷ್ಟೆಲ್ಲ ಯಾಕೆ ಅಂತ ಕೇಳಿದರೆ "ರೋಗಿಯ ರಕ್ಷಣೆಗೆ" ಅಂತಾರೆ. ಐದು ಕಮಿಟಿ ಅದೇ ಕಾಗದ ಓದಿದರೆ ರಕ್ಷಣೆ ಐದು ಪಟ್ಟು ಆಗುತ್ತದಾ? ಟ್ರಯಲ್ ಶುರುವಾದ ಮೇಲೆ ಒಂದಾದರೂ ಕಮಿಟಿ ಹಳ್ಳಿಗೆ ಹೋಗಿ ನೋಡಿದರೆ ಅದು ರಕ್ಷಣೆ.

ಇನ್ನು ಜಿಸಿಪಿ, ಅಂದರೆ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಟ್ರಯಲ್ ನಡೆಸೋ ಸರಿಯಾದ ಕ್ರಮ. ಮೆಡಿಕಲ್ ಕಾಲೇಜಿನಲ್ಲಿ ಸಂಶೋಧನೆ ಮಾಡೋ ಎಲ್ಲರಿಗೂ ಗೊತ್ತಿರೋ ಪದ. ಅದರ ಸರ್ಟಿಫಿಕೇಟ್ ಇಲ್ಲದೆ ಟ್ರಯಲ್ ಹತ್ತಿರ ಬಿಟ್ಟುಕೊಳ್ಳೋದಿಲ್ಲ. ಅಮೆರಿಕ, ಯುರೋಪ್, ಜಪಾನಿನ ಔಷಧಿ ನಿಯಂತ್ರಕರು ಮತ್ತು ಕಂಪನಿಗಳು 1990ರಲ್ಲಿ ಸೇರಿ ಐಸಿಎಚ್ ಅನ್ನೋ ಕೂಟ ಮಾಡಿಕೊಂಡರು. 1996ರಲ್ಲಿ ಅವರು ಬರೆದ ನಿಯಮಪುಸ್ತಕವೇ ಇಂದು ಜಗತ್ತೆಲ್ಲ ಬಳಸೋ ಜಿಸಿಪಿ. ಕಂಪನಿಯ ಹೊಸ ಔಷಧಿಗೆ ಹೊಲಿದ ಅಂಗಿಯನ್ನು ಹಳ್ಳಿಯಲ್ಲಿ ಆಸ್ಪಿರಿನ್ ಕೊಡೋರಿಗೂ ತೊಡಿಸಿದರು. 40 ವರ್ಷದಿಂದ ಮಾರಾಟದಲ್ಲಿರೋ ಗುಳಿಗೆಗೂ ಅದೇ ಫೈಲು, ಅದೇ ಸಹಿ, ಕಾಗದ ಸರಿ ಇದೆಯಾ ಅಂತ ನೋಡೋಕೆ ಬರೋ ಮಾನಿಟರ್‌ನ ಅದೇ ಭೇಟಿ. 2025ರ ಜನವರಿಯಲ್ಲಿ ಇದರ ಮೂರನೇ ಆವೃತ್ತಿ ಬಂದಿದೆ, ಅದರಲ್ಲಿ ಅಪಾಯ ಎಷ್ಟೋ ಬಿಗಿ ಅಷ್ಟೇ ಇರಲಿ ಅಂತ ಬರೆದಿದ್ದಾರೆ. ಓದೋಕೆ ಚೆನ್ನಾಗಿದೆ. ಆದರೆ ತಪಾಸಣೆಗೆ ಬರೋ ಮನುಷ್ಯ ಹಳೇ ಚೆಕ್‌ಲಿಸ್ಟನ್ನೇ ಹಿಡಿದುಕೊಂಡು ಬಂದರೆ ಕಾಲೇಜಿನವರು ಹೆದರಿ ಹಳೇ ಫೈಲನ್ನೇ ಇಡ್ತಾರೆ. ಅಂದಹಾಗೆ ಆ ಕೂಟದಲ್ಲಿ ಭಾರತ ಸದಸ್ಯ ದೇಶ ಅಲ್ಲ, ವೀಕ್ಷಕ. ಮದುವೆಗೆ ಬಂದವರ ಸಾಲಿನಲ್ಲಿ ಇದ್ದೇವೆ, ಮದುವೆ ಮಾತುಕತೆಗೆ ಕೂತವರ ಸಾಲಿನಲ್ಲಿ ಇಲ್ಲ.

ಕೆಲ ವರ್ಷ ನಾನೂ ಒಂದು ಸಂಶೋಧನಾ ತಂಡದ ಕಾಗದಪತ್ರಗಳನ್ನು ಕನ್ನಡಕ್ಕೆ ತರೋ ಕೆಲಸ ಮಾಡಿದ್ದೆ. ಯಾವ ತಂಡ ಅನ್ನೋದು ಇಲ್ಲಿ ಬೇಡ. ಇಂಗ್ಲಿಷಿನ ಒಪ್ಪಿಗೆ ಪತ್ರ ಬರುತ್ತದೆ, ನಾವು ಕನ್ನಡ, ಮರಾಠಿ ಎರಡಕ್ಕೂ ತರಬೇಕು. ಅದನ್ನು ಮತ್ತೊಬ್ಬರು ತಿರುಗಿ ಇಂಗ್ಲಿಷಿಗೆ ಮಾಡ್ತಾರೆ, ಎರಡೂ ಇಂಗ್ಲಿಷ್ ಹೊಂದುತ್ತಾ ಅಂತ ಹೊರದೇಶದ ಆಫೀಸು ನೋಡುತ್ತದೆ. ಯಾವ ಗುಂಪಿಗೆ ಯಾರು ಅನ್ನೋದು ಯಾರ ಕೈಯಲ್ಲೂ ಇರೋದಿಲ್ಲ ಅನ್ನೋದಕ್ಕೆ ನಾನು "ಚೀಟಿ ಎತ್ತಿದ ಹಾಗೆ" ಅಂತ ಬರೆದೆ. ಹಳ್ಳಿಯಲ್ಲಿ ಎಂಥವರಿಗೂ ತಿಳಿಯುತ್ತದೆ. ತಿರುಗಿ ಇಂಗ್ಲಿಷಿಗೆ ಹೋದಾಗ ಅದು "ಲಾಟರಿ" ಆಯಿತು. ಲಾಟರಿ ಅಂದರೆ ಬಹುಮಾನದ ಆಸೆ ತೋರಿಸಿದ ಹಾಗೆ, ತೆಗೆಯಿರಿ ಅಂತ ಈಮೇಲ್. ಕೊನೆಗೆ "ಯಾದೃಚ್ಛಿಕವಾಗಿ" ಅಂತ ಹಾಕಿಸಿದರು. ಆ ಪದವನ್ನು ನನ್ನ ಜೊತೆ ಕೆಲಸ ಮಾಡೋ ನರ್ಸ್ ಅಕ್ಕಾರೇ ಒಂದು ಸಲಕ್ಕೆ ಓದಲಿಲ್ಲ. ಅವರು ಹಳ್ಳಿಗೆ ಹೋದಾಗ ಕಾಗದ ಕೈಯಲ್ಲಿ ಹಿಡಿದುಕೊಂಡು, ಅದರಲ್ಲಿ ಇಲ್ಲದ "ಚೀಟಿ ಎತ್ತೋದು" ಅನ್ನೋ ಮಾತನ್ನೇ ಬಾಯಲ್ಲಿ ಹೇಳುತ್ತಿದ್ದರು.

ಒಮ್ಮೆ ಬೈಲಹೊಂಗಲ ಕಡೆ ಒಂದು ಮನೆಯಲ್ಲಿ ಅವರ ಜೊತೆ ಕೂತಿದ್ದೆ. ಸೊಸೆ ಸುಮ್ನೆ ಗೋಡೆಗೆ ಒರಗಿ ಕೂತಿದ್ದಳು, ಪ್ರಶ್ನೆ ಎಲ್ಲ ಅತ್ತೆಯದ್ದು. "ಔಷಧ ಇಲ್ಲದ ಗುಳಿಗಿ ಯಾಕ ಕೊಡ್ತೀರಿ ಅಕ್ಕಾರ? ನಮಗ ಔಷಧ ಇದ್ದದ್ದೇ ಕೊಡ್ರಿ." ಇವರು ತಿಳಿಸಿ ಹೇಳಿದರು. ಆಕೆ ಎಲ್ಲ ಕೇಳಿ, "ಏನರ ಹೆಚ್ಚುಕಡಿಮಿ ಆದ್ರ ಯಾರ್ ನೋಡ್ತಾರ?" ಅಂದರು. 20 ಪುಟದ ಕಾಗದದಲ್ಲಿ ಅವರಿಗೆ ಬೇಕಾದ ಪ್ರಶ್ನೆ ಅದೊಂದೇ. ಉತ್ತರ 16ನೇ ಪುಟದಲ್ಲಿತ್ತು.

ಆ ಉತ್ತರ ದೇಶದಿಂದ ದೇಶಕ್ಕೆ ಎಷ್ಟು ಬೇರೆ ಗೊತ್ತಾ? ಜರ್ಮನಿಯಲ್ಲಿ ಔಷಧಿ ಟ್ರಯಲ್‌ಗೆ ಬಂದವರ ಹೆಸರಲ್ಲಿ ವಿಮೆ ಮಾಡಿಸಬೇಕು ಅಂತ ಕಾನೂನೇ ಇದೆ. ಅಮೆರಿಕದ ಕೇಂದ್ರ ಕಾನೂನು ಪರಿಹಾರ ಕೊಡಲೇಬೇಕು ಅನ್ನೋದಿಲ್ಲ. ಕೊಡುತ್ತೀರೋ ಇಲ್ಲವೋ ಅನ್ನೋದನ್ನು ಒಪ್ಪಿಗೆ ಪತ್ರದಲ್ಲಿ ಬರೆಯಿರಿ ಅನ್ನುತ್ತದೆ, ಅಷ್ಟೇ. ಈ ವಿಷಯದಲ್ಲಿ ಭಾರತ ಅವರಿಗಿಂತ ಮುಂದಿದೆ. ನಮ್ಮಲ್ಲಿ ಲೆಕ್ಕದ ಸೂತ್ರವೇ ಇದೆ. 8 ಲಕ್ಷ ಮೂಲ ಮೊತ್ತ, ಅದಕ್ಕೆ ವಯಸ್ಸಿನ ಅಂಶ ಗುಣಿಸಿ, ಅಪಾಯದ ಅಂಶ ಗುಣಿಸಿ, 99.37ರಿಂದ ಭಾಗಿಸಬೇಕು. ಅಪಾಯದ ಅಂಶ ಸಾವಿನಂಚಿನಲ್ಲಿರೋ ರೋಗಿಗೆ 0.5, ಆರೋಗ್ಯವಂತರಿಗೆ 4. ಟ್ರಯಲ್‌ನಿಂದ ಸಾವಾದರೆ ಚಿಕ್ಕ ವಯಸ್ಸಿನ ಆರೋಗ್ಯವಂತರ ಮನೆಯವರಿಗೆ 70 ಲಕ್ಷ ದಾಟುತ್ತದೆ.

2013ರಲ್ಲಿ ಪರಿಹಾರದ ನಿಯಮ ಮೊದಲು ಬಂದಾಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಭಾರತದಲ್ಲಿನ ತನ್ನ ಹಲವು ಟ್ರಯಲ್‌ಗಳನ್ನೇ ತಡೆಹಿಡಿಯಿತು. ಆಗಿನ ಬರಹ ಗೊಂದಲದ್ದೇ. ಟ್ರಯಲ್‌ಗೂ ಆದ ತೊಂದರೆಗೂ ಸಂಬಂಧ ಇದೆಯಾ ಇಲ್ವಾ ಅನ್ನೋದು ಸರಿಯಾಗಿ ಸ್ಪಷ್ಟವಿರಲಿಲ್ಲ, ಆಮೇಲೆ ತಿದ್ದಿದರು. ಆದರೂ ನೋಡಿ, "ಏನರ ಆದ್ರ ಯಾರ್ ನೋಡ್ತಾರ" ಅನ್ನೋ ಪ್ರಶ್ನೆಗೆ ಗಟ್ಟಿ ಉತ್ತರ ಬರೆದ ಕೂಡಲೇ ಟ್ರಯಲ್ ನಿಂತಿತು. ಕಾಗದ ಹೊಂದಿಸೋ ಉತ್ಸಾಹ ಇಲ್ಲಿಗೆ ಬಂದಾಗ ಯಾರಲ್ಲೂ ಇರೋದಿಲ್ಲ.

ನಮ್ಮ ಮನೆಯೊಳಗಿನ ತೂತನ್ನೂ ಹೇಳಲೇಬೇಕು. ಆ ಸೂತ್ರ ಮುಖ್ಯವಾಗಿ ಪರವಾನಗಿ ಬೇಕಾಗೋ ಟ್ರಯಲ್‌ಗಳಿಗೆ. ಕಾಲೇಜಿನ ಡಾಕ್ಟರ್, ಪಿಜಿ ವಿದ್ಯಾರ್ಥಿ ತಾವೇ ಮಾಡೋ ಟ್ರಯಲ್‌ನಲ್ಲಿ ಆ ಸಂಸ್ಥೆಯೇ ಪ್ರಾಯೋಜಕ, ಅದೇ ಹೊಣೆ ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಸರಿ, ಎಷ್ಟು ಕಾಲೇಜು ಅದಕ್ಕೆ ಅಂತ ದುಡ್ಡು ತೆಗೆದಿಟ್ಟಿವೆ? ಥೀಸಿಸ್ ಮಾಡೋ ಹುಡುಗ ಪ್ರಿಂಟ್‌ಔಟ್ ದುಡ್ಡನ್ನೂ ಸ್ವಂತ ಜೇಬಿನಿಂದ ಹಾಕ್ತಾನೆ, ವಿಮೆ ಎಲ್ಲಿಂದ ತರ್ತಾನೆ?

ಈಗ ಅಳತೆಗೆ ಬರ್ತೀನಿ. ಇದು ನನಗೆ ಬಹಳ ಇಷ್ಟದ ಭಾಗ, ಯಾಕಂದರೆ ಇಲ್ಲಿ ಬೆಳಗಾವಿಯದ್ದೇ ಒಂದು ವಸ್ತು ಇದೆ.

ಹೆರಿಗೆ ಆದ ಮೇಲೆ ರಕ್ತ ಎಷ್ಟು ಹೋಯಿತು ಅನ್ನೋದನ್ನು ಹೇಗೆ ಅಳೆಯುತ್ತಾರೆ? ಹೆಚ್ಚಿನ ಕಡೆ ಕಣ್ಣಂದಾಜು. ಬಟ್ಟೆ ನೋಡ್ತಾರೆ, ಟ್ರೇ ನೋಡ್ತಾರೆ, "ಒಂದು 300 ಎಂಎಲ್ ಇರಬಹುದು" ಅಂತ ಬರೀತಾರೆ. ಹಿಂದೆ ನಮ್ಮ ಕಡೆ ಕಚ್ಚಾ ಸೇರು, ಪಕ್ಕಾ ಸೇರು ಅಂತ ಇತ್ತಲ್ಲ. ಯಾವ ಸೇರು ಅಂತ ಹೇಳದೆ "ಹತ್ತು ಸೇರು ಜೋಳ" ಅಂದರೆ ಏನೂ ಹೇಳಿದ ಹಾಗಲ್ಲ. ಇದೂ ಹಾಗೇ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ ಟ್ರಯಲ್ ನಡೆಯಿತು. ಆಗ ಹಳ್ಳಿಗಳಲ್ಲಿ ಮನೆ ಹೆರಿಗೆ ಸಾಮಾನ್ಯ, ಮಾಡಿಸೋರು ಎಎನ್‌ಎಂ ಸಿಸ್ಟರ್‌ಗಳು. ರಕ್ತಸ್ರಾವ ತಡೆಯೋ ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಫ್ರಿಜ್ ಬೇಕು, ಚುಚ್ಚೋ ಅನುಮತಿ ಬೇಕು. ಮಿಸೊಪ್ರೊಸ್ಟಾಲ್ ಆದರೆ ಗುಳಿಗೆ, ಬಾಯಲ್ಲಿ ಹಾಕಿಕೊಂಡರೆ ಆಯಿತು. 1,620 ಹೆಣ್ಣುಮಕ್ಕಳು, ಅರ್ಧ ಜನರಿಗೆ ಮಿಸೊಪ್ರೊಸ್ಟಾಲ್, ಅರ್ಧ ಜನರಿಗೆ ಔಷಧಿಯಿಲ್ಲದ ಗುಳಿಗೆ. ಇಲ್ಲಿ ಎಲ್ಲರ ರಕ್ತವನ್ನೂ ಒಂದೇ ರೀತಿ ಅಳೆಯಲೇಬೇಕಿತ್ತು. ಅದಕ್ಕಾಗಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಬಾಣಂತಿಯ ಕೆಳಗೆ ಹಾಸಿ, ಸೊಂಟಕ್ಕೆ ಲಾಡಿ ಕಟ್ಟೋದು. ಹಾಳೆಯ ಕೆಳತುದಿ ಆಲಿಕೆಯ ಹಾಗೆ ಚೂಪಾಗಿ ಚೀಲವಾಗುತ್ತದೆ, ಅದರ ಮೇಲೆ ಅಳತೆ ಗೆರೆಗಳು. ಹಾಲಿನ ಲೀಟರು ನೋಡಿದ ಹಾಗೆ ಗೆರೆ ನೋಡಿ ಬರೆದರೆ ಮುಗೀತು. ಮಾಡಿದವರ ಹೆಸರಿನ ಮೊದಲಕ್ಷರ ಸೇರಿಸಿ ಅದಕ್ಕೆ ಬ್ರಾಸ್-ವಿ ಅಂತ ಹೆಸರಿಟ್ಟರು. ಕಣ್ಣಂದಾಜನ್ನೂ ಈ ಚೀಲವನ್ನೂ ಹೋಲಿಸಿ ನೋಡಿದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಹೇಳುತ್ತಿತ್ತು.

ಟ್ರಯಲ್ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹೆಚ್ಚು ರಕ್ತಸ್ರಾವ ಆದವರು ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದೇ ಉಪಯೋಗಕ್ಕೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇದೇ ಟ್ರಯಲನ್ನು ಲಂಡನ್ನಿನಲ್ಲಿ ಮಾಡೋಕೆ ಯಾವ ಕಮಿಟಿಯೂ ಒಪ್ಪುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಅಲ್ಲಿ ಆಕ್ಸಿಟೋಸಿನ್ ಇರುವಾಗ ಔಷಧಿಯಿಲ್ಲದ ಗುಳಿಗೆ ಕೊಡೋದು ತಪ್ಪು. ಇಲ್ಲಿ ಆ ಎಎನ್‌ಎಂ ಚೀಲದಲ್ಲಿ ಆಕ್ಸಿಟೋಸಿನ್ ಇರಲೇ ಇಲ್ಲ. ಎಲ್ಲಾ ದೇಶಕ್ಕೂ ಒಂದೇ ಕಾಗದ ಅಂದಿದ್ದರೆ ಈ ಟ್ರಯಲ್ ಹುಟ್ಟುತ್ತಲೇ ಇರಲಿಲ್ಲ. ಇದು ಸುಲಭದ ಮಾತಲ್ಲ, ಗೊತ್ತು. "ನಿಮ್ಮಲ್ಲಿ ಇಲ್ಲ ಅಂತ ನಿಮಗೆ ಕಡಿಮೆ ಸಾಕಾ" ಅಂತ ಯಾರಾದರೂ ಕೇಳಿದರೆ ಅದಕ್ಕೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಆದರೆ ಅಳತೆಯ ಚೀಲ ಮಾತ್ರ ಎಲ್ಲಿ ಹೋದರೂ ನಡೆಯಿತು. 2023ರಲ್ಲಿ ಫಲಿತಾಂಶ ಬಂದ ಇ-ಮೋಟಿವ್ ಟ್ರಯಲ್‌ನಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಇಂಥದ್ದೇ ಗೆರೆ ಹಾಕಿದ ಹಾಳೆ ಬಳಸಿದರು. ರಕ್ತ ಹೋಗೋದನ್ನು ಬೇಗ ಕಂಡುಹಿಡಿದು, ಕೂಡಲೇ ಎಲ್ಲಾ ಚಿಕಿತ್ಸೆ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮ ಶೇ. 60ರಷ್ಟು ಕಡಿಮೆಯಾಯಿತು. ಅಳತೆ ಒಂದಾದರೂ ಗೆರೆ ಎಲ್ಲಿ ಎಳೆಯಬೇಕು ಅನ್ನೋ ಜಗಳ ಬೇರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಬಹಳ ಕಾಲ 500 ಎಂಎಲ್ ದಾಟಿದರೆ ಹೆಚ್ಚು ರಕ್ತಸ್ರಾವ ಅಂದಿತು, ಅಮೆರಿಕದ ಹೆರಿಗೆ ಡಾಕ್ಟರ್‌ಗಳ ಸಂಘ 1,000 ಎಂಎಲ್ ಅಂದಿತು. 2025ರ ಅಕ್ಟೋಬರ್‌ನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾರ್ಗಸೂಚಿಯಲ್ಲಿ 300 ಎಂಎಲ್ ಆಗಿ ನಾಡಿ, ಬಿಪಿ ಏರುಪೇರಾದರೂ ಚಿಕಿತ್ಸೆ ಶುರು ಮಾಡಿ ಅಂತಿದೆ. ಮೂರು ಗೆರೆಯಲ್ಲಿ ಮಾಡಿದ ಮೂರು ಟ್ರಯಲ್ ಕೂಡಿಸಿದರೆ ಬರೋ ಉತ್ತರ ಎಂಥದ್ದಿರುತ್ತದೆ, ನೀವೇ ಹೇಳಿ.

ಅಳತೆ ಸರಿ ಇಲ್ಲದಿದ್ದರೆ ಒಳ್ಳೆ ಔಷಧಿಯೂ ತಿರುಗಿಬೀಳುತ್ತದೆ. ಅವಧಿಗೆ ಮುಂಚೆ ಹುಟ್ಟೋ ಮಗುವಿನ ಶ್ವಾಸಕೋಶ ಬಲಿಯೋಕೆ ತಾಯಿಗೆ ಸ್ಟೀರಾಯ್ಡ್ ಕೊಡ್ತಾರೆ. 1972ರಲ್ಲಿ ನ್ಯೂಜಿಲೆಂಡಿನ ಇಬ್ಬರು ಡಾಕ್ಟರ್ ಇದನ್ನು ತೋರಿಸಿಕೊಟ್ಟರು. ಅದೂ ಅಕಾಡೆಮಿಕ್ ಟ್ರಯಲ್ಲೇ. ದೊಡ್ಡ ಆಸ್ಪತ್ರೆಗಳಲ್ಲಿ ಚೆನ್ನಾಗಿ ನಡೆದದ್ದನ್ನು ಹಳ್ಳಿಗಳಿಗೂ ಒಯ್ಯೋಣ ಅಂತ ಬೆಳಗಾವಿ, ನಾಗಪುರ ಸೇರಿ ಆರು ದೇಶಗಳಲ್ಲಿ ಟ್ರಯಲ್ ಮಾಡಿದರು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ತೀರಾ ಸಣ್ಣ ಶಿಶುಗಳಿಗೆ ಲಾಭ ಕಾಣಲಿಲ್ಲ, ಎಲ್ಲಾ ಶಿಶುಗಳನ್ನು ಲೆಕ್ಕ ಹಾಕಿದರೆ ಸಾವು ಸಾವಿರಕ್ಕೆ 3.5 ಜಾಸ್ತಿಯಾಗಿತ್ತು. ಬಸಿರು ಎಷ್ಟು ವಾರದ್ದು ಅನ್ನೋದೇ ಹಳ್ಳಿಯಲ್ಲಿ ಖಚಿತವಿರೋದಿಲ್ಲ. ಕೊನೆಯ ಮುಟ್ಟಿನ ದಿನ ಕೇಳಿದರೆ "ಪಂಚಮಿ ಆದ್ಮ್ಯಾಲ ಒಂದ್ ವಾರಕ್ಕ" ಅಂತ ಉತ್ತರ ಬರುತ್ತದೆ. ಹಾಗಾಗಿ ಬೇಡದವರಿಗೂ ಇಂಜೆಕ್ಷನ್ ಬಿತ್ತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾದ 29 ಆಸ್ಪತ್ರೆಗಳಲ್ಲಿ ಮತ್ತೆ ಟ್ರಯಲ್ ಮಾಡಿಸಿತು. ಸ್ಕ್ಯಾನ್ ಮಾಡಿ ವಾರ ಲೆಕ್ಕ ಹಾಕಿದರು, ಶಿಶುವನ್ನು ನೋಡಿಕೊಳ್ಳೋ ವ್ಯವಸ್ಥೆ ಇರೋ ಆಸ್ಪತ್ರೆಯನ್ನೇ ಆರಿಸಿದರು. 2020ರಲ್ಲಿ ಉತ್ತರ: ನವಜಾತ ಶಿಶುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಅದೇ ಸ್ಟೀರಾಯ್ಡ್. ಬದಲಾದದ್ದು ವಾರದ ಲೆಕ್ಕ ಮತ್ತು ಆಸ್ಪತ್ರೆ.

ಕೋವಿಡ್ ಕಾಲದಲ್ಲಿ ಇದೆಲ್ಲ ಇನ್ನೂ ಜೋರಾಗಿ ಕಂಡಿತು. ಜಗತ್ತಿನ ತುಂಬಾ ಸಣ್ಣ ಸಣ್ಣ ಟ್ರಯಲ್‌ಗಳು, ಒಂದೊಂದರಲ್ಲಿ 40 ಜನ, 60 ಜನ. ಹೆಚ್ಚಿನವು ಯಾವ ಉತ್ತರವನ್ನೂ ಕೊಡಲಿಲ್ಲ. ಬ್ರಿಟನ್ನಿನ ರಿಕವರಿ ಟ್ರಯಲ್ ದೇಶದ ಆಸ್ಪತ್ರೆಗಳನ್ನೆಲ್ಲ ಒಂದೇ ಪ್ರೊಟೊಕಾಲ್‌ಗೆ ತಂದು, ಫಾರ್ಮನ್ನು ಆದಷ್ಟು ಚಿಕ್ಕದು ಮಾಡಿ, 2020ರ ಮಾರ್ಚ್‌ನಲ್ಲಿ ಶುರುವಾಗಿ ಜೂನ್‌ನಲ್ಲೇ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಅಂತ ತೋರಿಸಿತು. ನಮ್ಮ ಐಸಿಎಂಆರ್ ಕೂಡ 39 ಆಸ್ಪತ್ರೆ ಸೇರಿಸಿ 464 ರೋಗಿಗಳಲ್ಲಿ ಪ್ಲಾಸ್ಮಾ ಚಿಕಿತ್ಸೆಯನ್ನು, ಅಂದರೆ ಕೋವಿಡ್‌ನಿಂದ ಗುಣವಾದವರ ರಕ್ತದ ಪ್ಲಾಸ್ಮಾ ಕೊಡೋದನ್ನು, ಪರೀಕ್ಷೆ ಮಾಡಿ, ಇದರಿಂದ ಪ್ರಯೋಜನ ಇಲ್ಲ ಅಂತ ಆ ವರ್ಷವೇ ಹೇಳಿತು. ಹೇಳಿದ ಮೇಲೂ ಪ್ಲಾಸ್ಮಾಕ್ಕಾಗಿ ವಾಟ್ಸಾಪ್‌ನಲ್ಲಿ ಮೆಸೇಜ್ ಹರಿದಾಡಿದ್ದು ಬೇರೆ ಮಾತು. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ನಮ್ಮ ಹಿರಿಯರು ಹೇಳೋದು ಇದಕ್ಕೇ ಇರಬೇಕು.

ಪ್ರತಿ ವರ್ಷ ಈ ಮೂರು ಜಿಲ್ಲೆಯ ಮೆಡಿಕಲ್ ಕಾಲೇಜುಗಳಲ್ಲಿ ಪಿಜಿ ಥೀಸಿಸ್‌ಗಳು ಸಾಲುಸಾಲು ಬರ್ತವೆ. 60 ರೋಗಿ, ಎರಡು ಗುಂಪು, ಒಂದೂವರೆ ವರ್ಷ. ರಕ್ತಹೀನತೆಯ ಮೇಲೆ ಬೆಳಗಾವಿಯಲ್ಲಿ ಒಂದು, ಬಾಗಲಕೋಟೆಯಲ್ಲಿ ಒಂದು, ವಿಜಯಪುರದಲ್ಲಿ ಇನ್ನೊಂದು. ಹಿಮೋಗ್ಲೋಬಿನ್ ಒಬ್ಬರು ನಾಲ್ಕನೇ ವಾರಕ್ಕೆ ನೋಡ್ತಾರೆ, ಇನ್ನೊಬ್ಬರು ಆರನೇ ವಾರಕ್ಕೆ. ಮೂವರು ಗೈಡ್‌ಗಳು ಒಂದು ಫೋನ್ ಮಾಡಿಕೊಂಡು "ಎಲ್ಲರೂ ಆರನೇ ವಾರಕ್ಕೇ ನೋಡೋಣ" ಅಂದಿದ್ದರೆ 180 ರೋಗಿಗಳ ಲೆಕ್ಕ ಕೂಡಿಸಬಹುದಿತ್ತು. ಇದಕ್ಕೆ ಜಿನೀವಾದಲ್ಲಿರೋ ವಿಶ್ವ ಆರೋಗ್ಯ ಸಂಸ್ಥೆ ಬೇಕಿಲ್ಲ. ಯಾವ ಕಾಯಿಲೆಯ ಟ್ರಯಲ್‌ನಲ್ಲಿ ಯಾವ್ಯಾವುದನ್ನು ಅಳೆಯಲೇಬೇಕು ಅನ್ನೋ ಪಟ್ಟಿಗಳನ್ನು 2010ರಿಂದ ಕಾಮೆಟ್ ಅನ್ನೋ ಪ್ರಯತ್ನ ಒಂದು ಕಡೆ ಸೇರಿಸಿಟ್ಟಿದೆ, ಪುಕ್ಕಟೆ ನೋಡಬಹುದು. ಮತ್ತೆ ಮೊದಲ ರೋಗಿಯನ್ನು ಸೇರಿಸೋ ಮುಂಚೆಯೇ ಸಿಟಿಆರ್‌ಐನಲ್ಲಿ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ಪಟ್ಟಿಯಲ್ಲಿ, ನೋಂದಣಿ ಮಾಡಿಸಿ, ಥೀಸಿಸ್ ಬರೆಯೋ ಹಿಂದಿನ ವಾರ ಓಡಾಡಬೇಡಿ.

ಕುಬಸದ, ಅಂದರೆ ಸೀಮಂತದ, ಮಾತು ಬಾಕಿ ಇದೆ. ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ತವರಿಗೆ ಕಳಿಸ್ತಾರೆ. ಬಾಣಂತನ ಅಲ್ಲೇ. ಬೆಳಗಾವಿಯ ಸೊಸೆಯ ತವರು ಸಾಂಗಲಿ ಇರಬಹುದು, ವಿಜಯಪುರದವಳದ್ದು ಸೊಲ್ಲಾಪುರ ಇರಬಹುದು. ರಾಜ್ಯವೇ ಬದಲು. ಚೊಚ್ಚಲಿನವರನ್ನೇ ಆರಿಸೋ ಟ್ರಯಲ್ ಅಂದರೆ ಏಳನೇ ತಿಂಗಳಿಗೆ ಊರು ಬಿಡೋರನ್ನೇ ಆರಿಸಿದ ಹಾಗೆ. ಪ್ರತಿ ತಿಂಗಳ ಭೇಟಿ, ಹೆರಿಗೆಯ ದಿನದ ವಿವರ ಎಲ್ಲ ಗಂಡನ ಮನೆ ವಿಳಾಸಕ್ಕೆ ಬರೆದಿರುತ್ತದೆ. ನಾನಿದ್ದ ತಂಡದಲ್ಲಿ ಇದು ಮೊದಲ ತಿಂಗಳಲ್ಲೇ ಗೊತ್ತಾಯಿತು. ನರ್ಸ್ ಅಕ್ಕಾರು ಫಾರ್ಮಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ತವರಮನಿ" ಅಂತ ಬರೆದು, ಊರು, ತಾಲೂಕು, ಅಣ್ಣನ ಫೋನ್ ನಂಬರ್ ಹಾಕತೊಡಗಿದರು. ಮೂರು ತಿಂಗಳಿಗೆ ಮಾನಿಟರ್ ಬಂದರು. ಅಂಚಿನಲ್ಲಿ ಬರೆಯೋ ಹಾಗಿಲ್ಲ, ಪೆನ್ಸಿಲ್ ಅಂತೂ ಆಗೋದೇ ಇಲ್ಲ, ಸಹಿ ಎಲ್ಲಿ, ದಿನಾಂಕ ಎಲ್ಲಿ ಅಂತ ಕೇಳಿದರು. ಎರಡನೇ ವಿಳಾಸಕ್ಕೆ ಒಂದು ಖಾನೆ ಹಾಕಿಕೊಡಿ ಅಂತ ನಾವು ಹೊರದೇಶದ ಆಫೀಸಿಗೆ ಬರೆದೆವು. ಪ್ರೊಟೊಕಾಲ್ ತಿದ್ದುಪಡಿ ಆಗಬೇಕು, ಎಲ್ಲಾ ಕಮಿಟಿಗಳೂ ಮತ್ತೆ ಒಪ್ಪಬೇಕು ಅಂತ ಉತ್ತರ ಬಂತು. ಅಕ್ಕಾರು 10 ರೂಪಾಯಿಯ ನೋಟ್‌ಬುಕ್ ಒಂದು ತಂದು, ಅದರಲ್ಲಿ ಬರೆಯೋಕೆ ಶುರು ಮಾಡಿದರು.